ಆಪರೇಷನ್ ಆಯ್ತು, ಲೆಕ್ಕ ಮುಗೀತೇ?

ಐರಣಿಯಿಂದ ರಾಣೆಬೆನ್ನೂರಿಗೆ ಬಸ್ಸು ಹಿಡಿದು, ಅಲ್ಲಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಬಂದ ಹಿರಿಯರು “ಗಡ್ಡಿ ಹೋತು, ರೋಗ ಹೋತು” ಎಂದು ಕಟ್ಟೆಗೆ ಕೂಡುವುದು ಸಹಜ. ಆದರೆ ಈ ರೋಗದ ಖಾತೆ ಅಷ್ಟು ಬೇಗ ಬಂದ್ ಆಗುವುದಿಲ್ಲ. (ಮೂತ್ರ ಕಟ್ಟಿತೆಂದು ಮಾಡಿಸುವ ಮಾಮೂಲಿ ಆಪರೇಷನ್ ಮಾತು ಬೇರೆ, ಇದು ಇಡೀ ಗ್ರಂಥಿಯನ್ನೇ ತೆಗೆಯುವ ಮಾತು.)

ಗ್ರಂಥಿ ಹೋದ ಮೇಲೆ ರಕ್ತದಲ್ಲಿ ಪಿ.ಎಸ್.ಎ. ಎಂಬ ಅಂಶ ಹೆಚ್ಚೂಕಮ್ಮಿ ಸೊನ್ನೆಗೆ ಇಳಿಯಬೇಕು. ಎರಡು ಸಲ ಪರೀಕ್ಷಿಸಿದರೂ 0.2 ನ್ಯಾನೊಗ್ರಾಂ ಮುಟ್ಟಿದ್ದರೆ ಎಲ್ಲೋ ಕಿಡಿ ಉಳಿದಿದೆ ಎಂದೇ ವೈದ್ಯರ ಲೆಕ್ಕ. ಎಲ್ಲಿ? ಗ್ರಂಥಿಯಿದ್ದ ಜಾಗದಲ್ಲೋ, ಗಂಟುಗಳಲ್ಲೋ, ಎಲುಬಿನಲ್ಲೋ? ಹಳೆಯ ಸ್ಕ್ಯಾನುಗಳಿಗೆ ಇಷ್ಟು ಸಣ್ಣ ಕಿಡಿ ಬಹುಮಟ್ಟಿಗೆ ಕಾಣದು. ಈಗ ಬಂದಿರುವ ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನಿನಲ್ಲಿ ಗ್ಯಾಲಿಯಂ-68ರಂಥ ವಿಕಿರಣ ಮದ್ದನ್ನು ನರಕ್ಕೆ ಚುಚ್ಚುತ್ತಾರೆ. ಅದು ಹುಡುಕಿಕೊಂಡು ಹೋಗಿ ಕ್ಯಾನ್ಸರ್ ಕಣದ ಮೈಗೆ ಅಂಟಿಕೊಳ್ಳುತ್ತದೆ. ಸುಮಾರು ಒಂದು ತಾಸಿನ ಮೇಲೆ ಕ್ಯಾಮೆರಾದಲ್ಲಿ ಆ ಜಾಗ ದೀಪದಂತೆ ಹೊಳೆಯುತ್ತದೆ. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2020ರ ಡಿಸೆಂಬರಿನಲ್ಲಿ.

ಹಾಗಂತ ಇದು ಅಂಜನ ಹಾಕಿ ನೋಡಿದಂತಲ್ಲ. ರೋಗ ಮರುಕಳಿಸಿದ 635 ಜನರನ್ನು ಪರೀಕ್ಷಿಸಿ ಕ್ಯಾಲಿಫೋರ್ನಿಯಾದ ವೈದ್ಯರು 2019ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಪಿ.ಎಸ್.ಎ. 0.5ಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 38 ಮಂದಿಯಲ್ಲಿ ಮಾತ್ರ ಜಾಗ ಸಿಕ್ಕಿತು. 5 ದಾಟಿದವರಲ್ಲಿ 97. ಪೇಚು ಇರುವುದೇ ಇಲ್ಲಿ. ಕರೆಂಟು ಕೊಟ್ಟು (ವಿಕಿರಣ ಚಿಕಿತ್ಸೆಗೆ ಜನರ ಹೆಸರು) ಕಿಡಿ ಆರಿಸಲು ಅಂಕಿ 0.5ರ ಒಳಗಿದ್ದಾಗಲೇ ಚಲೋ. ಸ್ಕ್ಯಾನು ಖಾಲಿ ಬಂತೆಂದು ಅಂಕಿ ಏರುವ ತನಕ ಕಾದರೆ ಹೊಲ ಒಣಗಿದ ಮೇಲೆ ಪಂಪು ಹಚ್ಚಿದಂತೆ.

ಸ್ಕ್ಯಾನನ್ನು ಊರ ಹತ್ತಿರ ತರಬಾರದೇ? ಗ್ಯಾಲಿಯಂ 68 ನಿಮಿಷಕ್ಕೊಮ್ಮೆ ಅರ್ಧಕ್ಕರ್ಧ ಕರಗುವ ಸರಕು. ಬೆಂಗಳೂರಿನಲ್ಲಿ ತುಂಬಿಸಿ ಹೊರಟರೆ ಐದು ತಾಸಿನ ಮೇಲೆ ಇಪ್ಪತ್ತರಲ್ಲಿ ಒಂದು ಪಾಲೂ ಉಳಿಯದು. ಬ್ಯಾಡಗಿ ಮೆಣಸಿನಕಾಯಿಯಂತೆ ಚೀಲ ಹೊಲಿದು ಲಾರಿಗೆ ಹಾಕುವಂಥದ್ದಲ್ಲ. ಹೀಗಾಗಿ ರೋಗಿಯೇ ದೊಡ್ಡೂರಿಗೆ ಹೋಗಬೇಕು. ಒಂದು ದಿನದ ಕೂಲಿ, ಜೊತೆಗೊಬ್ಬರ ಬಸ್ ಚಾರ್ಜು ಬೇರೆ.

ಆದರೆ ರಕ್ತಕ್ಕೆ ಆ ತಾಪತ್ರಯವಿಲ್ಲ. ಪಿ.ಎಸ್.ಎ.ಗೆ ರಕ್ತ ಕೊಡುವುದು ರಾಣೆಬೆನ್ನೂರಿನಲ್ಲೇ ಆಗುವ ಕೆಲಸ. ಡಾಕ್ಟರು ಹೇಳಿದ ತಿಂಗಳಿಗೆ ತಪ್ಪದೆ ಕೊಟ್ಟು, ಹಳೆಯ ಚೀಟಿಗಳನ್ನೆಲ್ಲ ಒಂದೇ ಚೀಲದಲ್ಲಿ ಜೋಪಾನ ಮಾಡಿಟ್ಟರೆ ಸಾಕು. ಅಂಕಿ ಎಷ್ಟು ಅನ್ನುವುದರ ಜೊತೆಗೆ ಎಷ್ಟು ತಿಂಗಳಲ್ಲಿ ಇಮ್ಮಡಿ ಆಯ್ತು ಅನ್ನುವುದನ್ನೂ ಅವರು ಆ ಚೀಟಿಗಳಲ್ಲೇ ನೋಡುತ್ತಾರೆ.