ಬಸ್ಸಿನಿಂದ ತೋರಿಸಿದ ಮ್ಯೂಸಿಯಂ

ಮೊನ್ನೆ ಶನಿವಾರ ರಾತ್ರಿ ಹನ್ನೆರಡಕ್ಕೆ ಶಾಲಾ ಪ್ರವಾಸದ ಬಸ್ಸು ವಾಪಸು ಬಂತು. ಮಕ್ಕಳನ್ನು ಕರೆದುಕೊಂಡು ಹೋಗೋಕೆ ಬಂದಿದ್ದ ಅಪ್ಪ ಅಮ್ಮಂದಿರ ಜತೆ ನಾನೂ ನಿಂತಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟ ಮಕ್ಕಳು ಮೈಸೂರು ನೋಡಿ ಬಂದಿದ್ದವು. ನಮ್ಮಣ್ಣನ ಮಗಳು ಕಣ್ಣುಜ್ಜಿಕೊಂಡು ಇಳಿದಳು.

"ಏನೇನು ನೋಡಿದೆ ಪುಟ್ಟಿ?"

"ಝೂ ನೋಡಿದ್ವಿ ಚಿಕ್ಕಪ್ಪ. ಅರಮನೆ ನೋಡಿದ್ವಿ. ಚಾಮುಂಡಿ ಬೆಟ್ಟ. ಆಮೇಲೆ ಕೆ.ಆರ್.ಎಸ್.ನಲ್ಲಿ ಬಣ್ಣದ ನೀರು."

"ಜಗನ್ಮೋಹನ ಅರಮನೆ? ಅಲ್ಲಿ ಚಿತ್ರಗಳಿವೆಯಲ್ಲ, ಅದು?"

"ಅದನ್ನ ಬಸ್ಸಿನಿಂದ ತೋರಿಸಿದ್ರು."

ನೋಡಿ ಸ್ವಾಮಿ, ಆ ಒಂದು ಮಾತಿನಲ್ಲಿ ನಮ್ಮ ಇಡೀ ದೇಶದ ಮ್ಯೂಸಿಯಂಗಳ ಕಥೆ ಇದೆ. ಬಸ್ಸಿನಿಂದ ತೋರಿಸಿದ್ರು! ಮೇಷ್ಟ್ರುಗಳನ್ನು ಬೈದು ಪ್ರಯೋಜನವಿಲ್ಲ. ಬಸ್ಸಿಗೆ ದಿನದ ಬಾಡಿಗೆ, ನೋಡಬೇಕಾದ್ದು ಐದಾರು ಜಾಗ, ಹುಡುಗರು ಐವತ್ತು. ಝೂ ತೋರಿಸದೆ ಕರೆತಂದರೆ ಮರುದಿನ ಅಪ್ಪಂದಿರು ಜಗಳಕ್ಕೆ ಬರುತ್ತಾರೆ. ಮ್ಯೂಸಿಯಂ ತೋರಿಸಲಿಲ್ಲ ಅಂತ ಜಗಳಕ್ಕೆ ಬಂದ ಅಪ್ಪನನ್ನು ನಾನಂತೂ ಇದುವರೆಗೆ ಕಂಡಿಲ್ಲ. ನಾನೇ ಆ ಕೆಲಸ ಮಾಡಲಿಲ್ಲ. ಆದ್ದರಿಂದ ಈ ಅಂಕಣ.

ಕ್ಯಾಲೆಂಡರಿನ ಚಿತ್ರ ಯಾರದು?

ಪುಟ್ಟಿ ಏನು ತಪ್ಪಿಸಿಕೊಂಡಳು ಅಂತ ಹೇಳ್ತೀನಿ. ದೀಪ ಹಿಡಿದ ಹೆಂಗಸಿನ ಚಿತ್ರ ನೀವೆಲ್ಲ ನೋಡಿದ್ದೀರಿ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ, ಬೆರಳ ಸಂದಿಯಲ್ಲಿ ಕೆಂಪು ಬೆಳಕು. ನಮ್ಮ ಪೇಟೆ ಬೀದಿಯ ಎಷ್ಟೋ ಅಂಗಡಿಗಳ ಗೋಡೆ ಮೇಲೆ, ಕ್ಯಾಲೆಂಡರಿನಲ್ಲಿ ಇದ್ದ ಚಿತ್ರ. ಯಾರು ಬರೆದದ್ದು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ರವಿವರ್ಮ" ಅಂತಾರೆ. ಅಲ್ಲ. ಅದನ್ನು ಬರೆದವರು ಎಸ್.ಎಲ್. ಹಲ್ದಣ್ಕರ್, ಸಾವಂತವಾಡಿ ಕಡೆಯವರು. ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಬಂದದ್ದು 1940ರ ದಶಕದಲ್ಲಿ. ಅದರ ಮೂಲ ಇರುವುದು ಇದೇ ಜಗನ್ಮೋಹನ ಅರಮನೆಯಲ್ಲಿ. ಮಕ್ಕಳು ಕೂತಿದ್ದ ಬಸ್ಸು ಅದರ ಮುಂದೆಯೇ ಹಾದು ಹೋಯಿತು.

ನೀರಿನ ಬಣ್ಣದಲ್ಲಿ ಬರೆದ ಚಿತ್ರ ಅದು. ಮುಂದೆ ನಿಂತು ನೋಡಿದರೆ ಬೆಳಕು ಕಾಗದದ ಒಳಗಿಂದಲೇ ಬರೋ ಹಾಗೆ ಕಾಣುತ್ತೆ. ಕ್ಯಾಲೆಂಡರಿನಲ್ಲಿ ಆ ಮಾಟ ಬರೋದಿಲ್ಲ. ಅಸಲು ಸರಕಿಗೂ ನಕಲಿಗೂ ಏನು ವ್ಯತ್ಯಾಸ ಅಂತ ಅಂಗಡಿ ಇಟ್ಟವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಪಾಲಾದ ಸರ

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದವರನ್ನು ಕೇಳಿ. "ಗಡಿಯಾರ ನೋಡಿದ್ವಿ" ಅಂತಾರೆ. ಗಂಟೆಗೊಮ್ಮೆ ಗೊಂಬೆ ಹೊರಬಂದು ಗಂಟೆ ಬಾರಿಸುತ್ತೆ. ಅದಕ್ಕೆ ಜನ ಸಾಲಾಗಿ ಕೂತು ಕಾಯುತ್ತಾರೆ. ತಪ್ಪಲ್ಲ. ಆದರೆ ಆ ಸಾಮಾನೆಲ್ಲ ಬಹುಪಾಲು ಕೂಡಿಹಾಕಿದ್ದು ಒಬ್ಬನೇ ಮನುಷ್ಯ, ಮೂರನೇ ಸಾಲಾರ್ ಜಂಗ್. ನಿಜಾಮರ ದಿವಾನಗಿರಿ 1914ರಲ್ಲಿ ಬಿಟ್ಟ ಮೇಲೆ ಸಾಯೋತನಕ ಇದೇ ಕೆಲಸ. ಮದುವೆ ಇಲ್ಲ, ಮಕ್ಕಳಿಲ್ಲ. 1949ರಲ್ಲಿ ಆತ ತೀರಿಕೊಂಡ. 1951ರಲ್ಲಿ ನೆಹರೂ ಬಂದು ಅದನ್ನು ಸಾರ್ವಜನಿಕರಿಗೆ ತೆರೆದರು. ಒಬ್ಬ ನವಾಬನ ಮನೆ ಸಾಮಾನು ಊರ ಜನದ ಆಸ್ತಿ ಆದದ್ದು ಹೀಗೆ. ಗಡಿಯಾರದ ಗೊಂಬೆಗಿಂತ ಇದು ದೊಡ್ಡ ಸಂಗತಿ ಅಲ್ಲವೇ?

ದೆಹಲಿಯ ನ್ಯಾಷನಲ್ ಮ್ಯೂಸಿಯಂದು ಇನ್ನೊಂದು ಕಥೆ. ಅಲ್ಲಿ ಮೊಹೆಂಜೊದಾರೋದ ಕಂಚಿನ ಹುಡುಗಿ ಇದ್ದಾಳೆ. ಪಾಠಪುಸ್ತಕದಲ್ಲಿ ನೋಡಿ ಆಳೆತ್ತರ ಇರಬೇಕು ಅಂದುಕೊಂಡಿರುತ್ತೀರಿ. ಇರೋದು ಹತ್ತೂವರೆ ಸೆಂಟಿಮೀಟರು, ಅಂಗೈ ಮೇಲೆ ನಿಲ್ಲಿಸಬಹುದು. ಸೊಂಟದ ಮೇಲೆ ಕೈ ಇಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷದಿಂದ ನಿಂತಿದ್ದಾಳೆ. ಗಡ್ಡದ ಪೂಜಾರಿಯ ವಿಗ್ರಹ ಇರುವುದು ಪಾಕಿಸ್ತಾನದ ಕರಾಚಿಯಲ್ಲಿ. ದೇಶ ಇಬ್ಭಾಗ ಆದಾಗ ಇವುಗಳಿಗೂ ಪಾಲು ಬಂತು. ಅಲ್ಲಿ ಸಿಕ್ಕಿದ್ದ ಒಂದು ಮಣಿಸರವನ್ನು ಬಿಚ್ಚಿ ಇವರಿಗಿಷ್ಟು ಮಣಿ, ಅವರಿಗಿಷ್ಟು ಮಣಿ ಅಂತ ಹಂಚಿಕೊಂಡರು! ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಯ ಸರ ಕತ್ತರಿಸಿದ ಹಾಗೆ. ಈ ವಿಷಯ ತಿಳಿದವನಿಗೆ ಆ ಮಣಿಗಳು ಬರೀ ಮಣಿಗಳಾಗಿ ಕಾಣೋದಿಲ್ಲ.

ನಮ್ಮದೇ ಶ್ರೀರಂಗಪಟ್ಟಣದ ಟಿಪ್ಪುವಿನ ಮರದ ಹುಲಿ 1799ರಲ್ಲಿ ಕೊಳ್ಳೆಯ ಸಾಮಾನಾಗಿ ಹೋದದ್ದು ಇವತ್ತೂ ಲಂಡನ್ನಿನಲ್ಲಿದೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಅಲ್ಲಿ ಒಳಗೆ ಹೋಗೋಕೆ ಟಿಕೆಟ್ ಇಲ್ಲ. ನಮಗೆ ಮಾತ್ರ ವೀಸಾ ಬೇಕು, ವಿಮಾನದ ದುಡ್ಡು ಬೇಕು. ಕೈತಪ್ಪಿದ ಸಾಮಾನು ನೋಡೋಕೆ ಎಷ್ಟು ಖರ್ಚು ನೋಡಿ.

ನಾಯಿಗೊಂದು ಕಲ್ಲು

ಇದೆಲ್ಲ ದೂರದ ಮಾತಾಯಿತು. ಹತ್ತಿರಕ್ಕೆ ಬರೋಣ. ಕೆಲವು ವರ್ಷದ ಹಿಂದೆ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ಕಳೀಬೇಕಿತ್ತು. ಕಬ್ಬನ್ ಪಾರ್ಕ್ ಪಕ್ಕದ ಕೆಂಪು ಕಟ್ಟಡಕ್ಕೆ ನುಗ್ಗಿದೆ. 1865ರಲ್ಲಿ ಶುರುವಾದ ಸರ್ಕಾರಿ ಮ್ಯೂಸಿಯಂ ಅದು. ನಿಜ ಹೇಳಬೇಕೆಂದರೆ ನೆರಳಿಗೆ ಹೋದೆ, ಜ್ಞಾನಕ್ಕಲ್ಲ.

ಅಲ್ಲಿ ಒಂದು ಕಲ್ಲು ಇತ್ತು. ಮೇಲೆ ನಾಯಿ, ಹಂದಿ ಕಚ್ಚಾಡುತ್ತಿವೆ. ಸುತ್ತ ಅಕ್ಷರ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಹಳಗನ್ನಡ ಓದೋಕೆ ಬರೋದಿಲ್ಲ. ಪಕ್ಕದಲ್ಲಿ ಯಾರೋ ಒಬ್ಬ ಹಿರಿಯರು ಮೊಮ್ಮಗನಿಗೆ ವಿವರಿಸುತ್ತಿದ್ದರು. ನಾನೂ ಕಿವಿ ಕೊಟ್ಟೆ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅದು. ಕ್ರಿ.ಶ. 949ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ. ಗಂಗರ ಬೂತುಗನ ಕಡೆಯ ಮಣಲೇರ ಅನ್ನುವ ವೀರ ಚೆನ್ನಾಗಿ ಕಾದಾಡಿದ. ಏನು ಬೇಕು ಕೇಳು ಅಂದಾಗ ಅವನು ಚಿನ್ನ ಕೇಳಲಿಲ್ಲ. ಒಡೆಯನ ನಾಯಿ ಕಾಳಿಯನ್ನು ಕೇಳಿದ! ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಡಿಸಿದರು. ಪೂಜೆಗೆ ಜಮೀನು ಬಿಟ್ಟರು. ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ಅಂತಲೂ ಬರೆಸಿದರು.

ಸಾವಿರ ವರ್ಷದ ಹಿಂದಿನ ನಮ್ಮವರು ನಾಯಿಯ ಉಪಕಾರವನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಯಂತ್ರ ನೋಡೋಕೆ ಆ ದಿನ ಮಕ್ಕಳ ಜಾತ್ರೆ. ಇಲ್ಲಿ ಕಾಳಿಯ ಮುಂದೆ ನಾವು ಮೂರೇ ಜನ.

ನಮ್ಮೂರ ಕಲ್ಲು ಏನಾಯಿತು?

ವಾಪಸು ಬರೋ ಬಸ್ಸಿನಲ್ಲಿ ನಮ್ಮ ಹಳ್ಳಿಯ ಕಲ್ಲು ನೆನಪಾಯಿತು. ಕೆರೆಗೆ ಹೋಗೋ ದಾರಿಯಲ್ಲಿ ಮೋರಿಗೆ ಅಡ್ಡ ಹಾಸಿದ್ದ ಚಪ್ಪಡಿ. ಅದರ ಮೇಲೆ ಕತ್ತಿ ಹಿಡಿದ ಮನುಷ್ಯ, ಹಿಂದೆ ನಾಲ್ಕು ದನ. ಮೇಲಿನ ಪಟ್ಟಿಯಲ್ಲಿ ಇಬ್ಬರು ಹೆಂಗಸರು ಅವನನ್ನು ಎತ್ತಿಕೊಂಡು ಹೋಗೋ ಹಾಗೆ. ಅಜ್ಜಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಾವು ಅದರ ಮೇಲೆ ಕೂತು ಹುಣಸೆಹಣ್ಣು ತಿನ್ನುತ್ತಿದ್ದೆವು. ಊರ ದನ ಹೊಡೆದುಕೊಂಡು ಹೋದ ಕಳ್ಳರನ್ನು ತಡೆಯೋಕೆ ಹೋಗಿ ಸತ್ತವನ ವೀರಗಲ್ಲು ಅದು. ಆ ಹೆಂಗಸರು ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು. ಇದು ನನಗೆ ತಿಳಿದದ್ದು ಆ ಮ್ಯೂಸಿಯಂನಲ್ಲಿ, ಮೂವತ್ತು ದಾಟಿದ ಮೇಲೆ.

ಮುಂದಿನ ಭಾನುವಾರವೇ ಊರಿಗೆ ಹೋದೆ. ಕಲ್ಲು ಇರಲಿಲ್ಲ. ಆ ಜಾಗದಲ್ಲಿ ಸಿಮೆಂಟ್ ಚರಂಡಿ ಬಂದಿತ್ತು. ಕೆಲಸ ಮಾಡಿಸಿದ ಕಂಟ್ರಾಕ್ಟರನ್ನು ಕೇಳಿದೆ. "ಅದು ಹಳೇ ಕಲ್ಲು ಸಾರ್, ಯಾರು ತಗೊಂಡು ಹೋದ್ರೋ" ಅಂದ. ಯಾವುದೋ ಮನೆಯ ತಳಪಾಯಕ್ಕೆ ಹೋಗಿರಬಹುದು. ಒಡೆದು ಜಲ್ಲಿ ಮಾಡಿರಬಹುದು. ಊರಿಗಾಗಿ ಸತ್ತವನಿಗೆ ಊರು ಕೊಟ್ಟಿದ್ದ ಒಂದೇ ಗುರುತು ಹೋಯಿತು. ಹೆಸರು ಬರೆದಿತ್ತೋ ಇಲ್ಲವೋ, ಅದನ್ನೂ ನಾನು ನೋಡಿರಲಿಲ್ಲ. ಕಂಟ್ರಾಕ್ಟರನ ಮೇಲೆ ಮಾತ್ರ ಕೋಪ ಮಾಡಿಕೊಂಡರೆ ಅನ್ಯಾಯ. ಅವನಿಗೂ ಯಾರೂ ಹೇಳಿರಲಿಲ್ಲ, ನಮ್ಮ ಅಜ್ಜಿಗೂ ಯಾರೂ ಹೇಳಿರಲಿಲ್ಲ.

ಕಾನೂನು ಇಲ್ಲ ಅನ್ನಬೇಡಿ. 1972ರ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ನೆಲ ಅಗೆಯುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋ ಕಾನೂನು ಇನ್ನೂ ಹಳೆಯದು, 1878ರದು. ಹತ್ತು ರೂಪಾಯಿ ಬೆಲೆ ಮೀರಿದರೆ ಸಾಕು, ತಿಳಿಸಲೇಬೇಕು. ಕಾನೂನು ಇದೆ, ತಿಳಿದವರು ಇಲ್ಲ.

ಎಲ್ಲಾ ಬೆಂಗಳೂರಿಗೆ ಒಯ್ಯಬೇಕೆ?

ಹಾಗಾದರೆ ಹಳ್ಳಿಯ ಕಲ್ಲನ್ನೆಲ್ಲ ಲಾರಿಗೆ ಹಾಕಿ ಬೆಂಗಳೂರಿಗೆ ಕಳಿಸೋಣವೇ? ನಾನು ಬೇಡ ಅಂತೀನಿ. ನಮ್ಮ ಹಾಸನ ಜಿಲ್ಲೆಯ ಹಲ್ಮಿಡಿಯನ್ನೇ ನೋಡಿ. ಬೇಲೂರು ತಾಲ್ಲೂಕಿನ ಸಣ್ಣ ಊರು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿ ಕಂಡ ಹದಿನಾರು ಸಾಲಿನ ಕಲ್ಲು ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಅಂತ ಹೆಸರಾಯಿತು. ಸುಮಾರು ಕ್ರಿ.ಶ. 450 ಅಂತ ಹೆಚ್ಚಿನವರ ಲೆಕ್ಕ. ಇವತ್ತು ಹಲ್ಮಿಡಿಯಲ್ಲಿ ಇರೋದು ಫೈಬರಿನ ನಕಲು. ಮೂಲ ಊರಲ್ಲಿಲ್ಲ. ಅದನ್ನು ಒಯ್ದದ್ದು ತಪ್ಪು ಅಂತ ನಾನು ಹೇಳಲಾರೆ. ಒಯ್ಯದಿದ್ದರೆ ನಮ್ಮೂರ ಕಲ್ಲಿನ ಗತಿಯೇ ಬಂದಿದ್ದರೆ? ಆದರೆ ಊರಲ್ಲಿ ಬಿಟ್ಟರೆ ಚರಂಡಿ ಪಾಲು, ಒಯ್ದರೆ ಪೇಟೆ ಪಾಲು ಅನ್ನೋ ಎರಡೇ ದಾರಿ ಇರೋದು ನಮ್ಮ ಸೋಮಾರಿತನಕ್ಕೆ ಸಾಕ್ಷಿ.

ಮೂರನೇ ದಾರಿ ಹಳೇಬೀಡಿನಲ್ಲಿದೆ. ಹೊಯ್ಸಳೇಶ್ವರ ದೇವಸ್ಥಾನದ ಬಳಿಯೇ ಮ್ಯೂಸಿಯಂ. ಅಲ್ಲಿ ಸಿಕ್ಕ ವಿಗ್ರಹ ಅಲ್ಲೇ ಇದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊರಗಿನವರು ಹುಡುಕಿಕೊಂಡು ಬರುತ್ತಾರೆ. ಅಷ್ಟು ಹತ್ತಿರ ಇರೋ ನಾವು ದೇವಸ್ಥಾನ ಒಂದು ಸುತ್ತು ಹಾಕಿ, ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಬಸ್ಸು ಹತ್ತುತ್ತೇವೆ.

ಮ್ಯೂಸಿಯಂನವರ ತಪ್ಪೂ ಇದೆ, ಮುಚ್ಚಿಡೋದು ಬೇಡ. ಕಲ್ಲಿನ ಕೆಳಗೆ ಒಂದು ಚೀಟಿ: "ವೀರಗಲ್ಲು, 10ನೇ ಶತಮಾನ". ಅಷ್ಟೇ! ಯಾರು ಸತ್ತ, ಯಾಕೆ ಸತ್ತ, ಏನು ಬರೆದಿದೆ, ಒಂದೂ ಇಲ್ಲ. ಕಿರಾಣಿ ಅಂಗಡಿಯವನು ಅಕ್ಕಿ ಮೂಟೆಗೆ ಬರೀ "ಅಕ್ಕಿ" ಅಂತ ಚೀಟಿ ಸಿಗಿಸಿ ಸುಮ್ಮನೆ ಕೂತರೆ ಗಿರಾಕಿ ಬರ್ತಾನಾ? ಇನ್ನು ರಜೆಯ ವಿಚಾರ. ಪುರಾತತ್ವ ಸರ್ವೇಕ್ಷಣೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಬೇರೆ ಎಷ್ಟೋ ಕಡೆ ಸೋಮವಾರ. ಗೊತ್ತಿಲ್ಲದೆ ಹೋದವರು ಬೀಗ ನೋಡಿ ಬರುತ್ತಾರೆ. ಹೊರಡುವ ಮುಂಚೆ ವಾರ ನೋಡಿಕೊಳ್ಳಿ.

ಈಗ ಮಾಡಬೇಕಾದ್ದು ಹೇಳಿ ಮುಗಿಸ್ತೀನಿ. ದೊಡ್ಡ ಖರ್ಚಿನ ಮಾತು ಒಂದೂ ಇಲ್ಲ.

ಒಂದು, ಶಾಲಾ ಪ್ರವಾಸದಲ್ಲಿ ಒಂದು ಜಾಗ ಕಡಿಮೆ ಮಾಡಿ ಮ್ಯೂಸಿಯಂಗೆ ಎರಡು ಗಂಟೆ ಇಡಲಿ. ಎಲ್ಲಾ ನೋಡಬೇಕಾಗಿಲ್ಲ. ಐದೇ ವಸ್ತು, ಆದರೆ ನಿಂತು ನೋಡಲಿ.

ಎರಡು, ರಸ್ತೆ, ಚರಂಡಿ ಕೆಲಸ ಶುರು ಮಾಡೋ ಮುಂಚೆ ಆ ದಾರಿಯಲ್ಲಿರೋ ಹಳೇ ಕಲ್ಲುಗಳ ಪಟ್ಟಿ ಪಂಚಾಯಿತಿ ಮಾಡಲಿ. ನೂರು ವರ್ಷದ ಹಿಂದೆ ರೈಸ್ ಸಾಹೇಬರು ಊರೂರಿನ ಶಾಸನ ಹುಡುಕಿಸಿ ಹನ್ನೆರಡು ಸಂಪುಟ ಅಚ್ಚು ಹಾಕಿಸಿದರು. ಆಗ ಜೀಪಿರಲಿಲ್ಲ, ಫೋನಿರಲಿಲ್ಲ. ಇವತ್ತು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ.

ಮೂರು, ಅಂಥ ಕಲ್ಲುಗಳನ್ನು ಊರ ಶಾಲೆಯ ಕಾಂಪೌಂಡಿನಲ್ಲೋ ದೇವಸ್ಥಾನದ ಜಗುಲಿ ಪಕ್ಕದಲ್ಲೋ ಇಲಾಖೆಯವರನ್ನು ಕೇಳಿಯೇ ನಿಲ್ಲಿಸಿ, ಮೇಲೊಂದು ಶೀಟು ಹಾಕಿ, ನಾಲ್ಕು ಸಾಲು ಕನ್ನಡದಲ್ಲಿ ಬರೆಸಲಿ. ಅಂಗಡಿಗಳ ಸಂಘದವರು ಗಣೇಶನ ಪೆಂಡಾಲಿಗೆ ಎತ್ತುವ ಚಂದಾದಲ್ಲಿ ಒಂದು ಪಾಲು ಸಾಕು.

ಪುಟ್ಟಿಗೆ ಮಾತು ಕೊಟ್ಟಿದ್ದೇನೆ. ಮುಂದಿನ ಭಾನುವಾರ ಹಳೇಬೀಡಿನ ಬಸ್ಸು. ಈ ಸಲ ಇಳಿದು ನೋಡ್ತೀವಿ. ನೀವೂ ಬನ್ನಿ. ನಿಮ್ಮ ಮನೆ ಹಿಂದಿನ ಬಟ್ಟೆ ಒಗೆಯೋ ಕಲ್ಲನ್ನು ಮಾತ್ರ ಬರೋ ಮುಂಚೆ ಒಂದು ಸಲ ಮಗುಚಿ ನೋಡಿ. ಅದರ ಇನ್ನೊಂದು ಮಗ್ಗುಲಲ್ಲಿ ಯಾರಾದರೂ ಕತ್ತಿ ಹಿಡಿದು ನಿಂತಿರಬಹುದು.