ಫ್ಯಾಂಟಸಿ ಅಂದ್ರೆ ಜೂಜಲ್ಲ, ಭಾವ

ಕುರುಗೋಡಿನಿಂದ ನಮ್ಮ ಭಾವ ಫೋನ್ ಮಾಡಿದ್ದು 2025ರ ಆಗಸ್ಟ್ ಕೊನೆಯ ವಾರ. ನಾವು ಬಳ್ಳಾರಿಯಲ್ಲಿ ಡಿಸಿ ಆಫೀಸಿನ ಮುಂದೆ ಒಂದು ಧರಣಿಯ ಮನವಿಪತ್ರ ಸಲ್ಲಿಕೆಗೆ ಕಾಯುತ್ತಾ ನಿಂತಿದ್ದೆವು. "ಹುಡುಗನ ಆ ಆಟದ ಡಬ್ಬಿ ಕಸ್ಗೊಂಡು ಬೀರುವಿನ ಮೇಲೆ ಇಟ್ಟೀನಿ ನೋಡಪ್ಪ. ನೀನೇ ಬರ್ದೀಯಲ್ಲ, ಫ್ಯಾಂಟಸಿ ಗೇಮ್ ಬಂದ್ ಆದವು ಅಂತ. ನಾಳೆ ಪೊಲೀಸ್ರು ಬಂದ್ರೆ ಯಾರು ಉತ್ತರ ಕೊಡಬೇಕು?"

ಮೊದಲು ನಗು ಬಂತು. ಭಾವ ನಗಲಿಲ್ಲ. ಹಿಂದೆ ಅಕ್ಕನ ಮಗ ಅಳುವುದು ಕೇಳಿಸುತ್ತಿತ್ತು. ಅವನಿಗೆ ಹದಿಮೂರು ವರ್ಷ, ಕನ್ನಡ ಮೀಡಿಯಂ ಏಳನೇ ಕ್ಲಾಸು.

ಆ ಡಬ್ಬಿ ಯಾವುದು ಅಂತ ಹೇಳಿಬಿಡುತ್ತೇವೆ. ಅದು ನಿಂಟೆಂಡೋ ಡಿಎಸ್. ಪುಸ್ತಕದ ಹಾಗೆ ಮಡಚುವ, ಎರಡು ಪರದೆಯ, ಕೈಯಲ್ಲಿ ಹಿಡಿದು ಆಡುವ ಮಷೀನು. ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಗಿದ್ದರೂ ನಮ್ಮ ಕಡೆ ಅದನ್ನು ಕಂಡವರು ಕಡಿಮೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಸಂಬಂಧಿಕರೊಬ್ಬರು ತಮ್ಮ ಮಗ ಆಡಿ ಬಿಟ್ಟಿದ್ದನ್ನು ಇವನಿಗೆ ಕೊಟ್ಟಿದ್ದರು. ಜೊತೆಗೆ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದೇ ಒಂದು ಆಟದ ಕಾರ್ಡು. ಅದರ ಮೇಲೆ ಇಂಗ್ಲಿಷಿನಲ್ಲಿ ಹೆಸರಿತ್ತು: ಫೈನಲ್ ಫ್ಯಾಂಟಸಿ 12, ರೆವೆನಂಟ್ ವಿಂಗ್ಸ್. ಭಾವನ ಕಣ್ಣಿಗೆ ಬಿದ್ದದ್ದು ನಡುವಿನ ಆ ಒಂದು ಪದ. ಪೇಪರಿನಲ್ಲೂ ಅದೇ ಪದ, ಕಾರ್ಡಿನ ಮೇಲೂ ಅದೇ ಪದ. ಬಳ್ಳಾರಿಯ ಜೀನ್ಸ್ ಘಟಕಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮನುಷ್ಯ ಪೇಪರ್ ನಂಬದೆ ಇನ್ನೇನು ನಂಬಬೇಕು?

ಈಗ ನಮ್ಮ ಸುದ್ದಿಯ ವಿಚಾರಕ್ಕೆ ಬರೋಣ. ಆನ್‌ಲೈನ್ ಗೇಮಿಂಗ್ ಮಸೂದೆ ಆಗಸ್ಟ್ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಪಾಸಾಯಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಡೆಸ್ಕಿನಿಂದ ಫೋನು: "ಲೋಕಲ್ ರಿಯಾಕ್ಷನ್ ಬೇಕು, ಮುನ್ನೂರು ಪದ, ಸಂಜೆ ಆರರೊಳಗೆ." ನಾವು ಮೋತಿ ಸರ್ಕಲ್, ರಾಯಲ್ ಸರ್ಕಲ್ ಸುತ್ತಿ ನಾಲ್ಕು ಜನರನ್ನು ಮಾತಾಡಿಸಿ ಕಳಿಸಿದೆವು. "ಹಣ ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಗೇಮ್‌ಗಳಿಗೆ ನಿಷೇಧ" ಅಂತ ನಮ್ಮ ಮೊದಲ ಸಾಲು. ಹೆಡ್‌ಲೈನ್‌ನಲ್ಲಿ ಜಾಗ ಸಾಲದೆ "ಹಣ ಕಟ್ಟಿ" ಹೋಯಿತು. ಉಳಿದದ್ದು "ಫ್ಯಾಂಟಸಿ ಗೇಮ್‌ಗಳಿಗೆ ಬ್ರೇಕ್." ಪಕ್ಕದಲ್ಲಿ ಮೊಬೈಲ್ ಹಿಡಿದ ಒಬ್ಬ ಶಾಲೆ ಹುಡುಗನ ಫೋಟೊ.

ತಪ್ಪು ಪೂರ್ತಿ ಡೆಸ್ಕಿನದು ಅಂತ ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಫ್ಯಾಂಟಸಿ ಗೇಮ್ ಅಂದರೆ ಏನು ಅಂತ ನಾವು ಆ ಮುನ್ನೂರು ಪದದಲ್ಲಿ ಎಲ್ಲೂ ಬಿಡಿಸಿ ಹೇಳಿರಲಿಲ್ಲ. ಪ್ರೆಸ್ ನೋಟಿನಲ್ಲಿ ಬಂದ ಪದವನ್ನು ಹಾಗೇ ಎತ್ತಿಟ್ಟಿದ್ದೆವು.

ಆ ಪದಕ್ಕೆ ಎರಡು ಅರ್ಥ. ಒಂದು, ಫ್ಯಾಂಟಸಿ ಕ್ರಿಕೆಟ್. ನಿಜವಾದ ಆಟಗಾರರ ಹೆಸರು ಆರಿಸಿ ಫೋನಿನಲ್ಲಿ ನಮ್ಮದೊಂದು ತಂಡ ಕಟ್ಟುವುದು, ದುಡ್ಡು ಹಾಕುವುದು, ಅವರು ಮೈದಾನದಲ್ಲಿ ಹೊಡೆದ ರನ್ನಿನ ಲೆಕ್ಕದಲ್ಲಿ ಗೆಲ್ಲುವುದು ಅಥವಾ ಕಳೆದುಕೊಳ್ಳುವುದು. ಆ ಆಗಸ್ಟ್‌ವರೆಗೆ ಭಾರತ ಕ್ರಿಕೆಟ್ ತಂಡದ ಜರ್ಸಿ ಮೇಲೇ ಇಂಥ ಒಂದು ಕಂಪನಿಯ ಹೆಸರು ಇತ್ತು. ಇನ್ನೊಂದು ಫ್ಯಾಂಟಸಿ ಹಳೇದು: ಮಾಯಾಲೋಕದ ಕತೆ. ನಮ್ಮ ಕಡೆಯವರಿಗೆ ಅರ್ಥವಾಗಬೇಕೆಂದರೆ ವಿಠಲಾಚಾರ್ಯರ ಸಿನಿಮಾ ಇದ್ದ ಹಾಗೆ. ಮಾಂತ್ರಿಕ, ಹಾರುವ ಹಡಗು, ರೆಕ್ಕೆ ಇರುವ ಜನ, ಕರೆದರೆ ಬರುವ ಭೂತಗಳು. ಕುರುಗೋಡಿನ ಡಬ್ಬಿಯಲ್ಲಿದ್ದದ್ದು ಈ ಎರಡನೆಯದು.

ನಾವು ಆ ಭಾನುವಾರ ಕುರುಗೋಡಿಗೆ ಹೋದೆವು. ದೊಡ್ಡಬಸವೇಶ್ವರನಿಗೆ ಕೈಮುಗಿದು ಅಕ್ಕನ ಮನೆಗೆ ನಡೆದೆವು. ಬೀರುವಿನ ಮೇಲಿಂದ ಡಬ್ಬಿ ಇಳಿಸಿ ಭಾವನ ಎದುರಿಗೇ ಹುಡುಗನಿಗೆ ಕೊಟ್ಟು, "ಇದನ್ನ ಹೆಂಗ ಆಡ್ತಾರ ಹೇಳೋ" ಅಂದೆವು.

"ಮಾಮ, ಇವನು ವಾನ್. ಇವನಿಗೊಂದು ಹಾರೋ ಹಡಗದ. ಮೋಡದ ಮ್ಯಾಲೆ ಒಂದು ದೇಶ ಅದ, ಅಲ್ಲಿಗೆ ಹೋಗ್ಯಾನ" ಅಂತ ಶುರು ಮಾಡಿದ. ಕಡ್ಡಿಯಿಂದ ಕೆಳಗಿನ ಪರದೆ ಮುಟ್ಟಿ ತನ್ನ ಮಂದಿಯನ್ನು ಅತ್ತ ಇತ್ತ ಓಡಿಸಿದ. ಪ್ರತಿ ನಾಯಕನ ಹಿಂದೆ ಒಂದೊಂದು ಪಡೆ. ಪಡೆಯಲ್ಲಿ ಮೂರು ಜಾತಿ: ಹತ್ತಿರ ಹೋಗಿ ಹೊಡೆಯುವವು, ದೂರದಿಂದ ಹೊಡೆಯುವವು, ಹಾರುವವು. ಹತ್ತಿರದವು ದೂರದವನ್ನು ಸೋಲಿಸುತ್ತವೆ, ದೂರದವು ಹಾರುವವನ್ನು ಕೆಡವುತ್ತವೆ, ಹಾರುವವು ಹತ್ತಿರದವನ್ನು ಮುಗಿಸುತ್ತವೆ. ಎದುರಾಳಿ ಏನು ತಂದಿದ್ದಾನೆ ನೋಡಿ ನಾವು ಏನು ಕಳಿಸಬೇಕು ಅಂತ ತೀರ್ಮಾನಿಸಬೇಕು. ಚದುರಂಗದ ಹಾಗೆ "ನಿನ್ನ ಸರದಿ, ನನ್ನ ಸರದಿ" ಅನ್ನುವುದಿಲ್ಲ. ನಾವು ಯೋಚಿಸುತ್ತಾ ಕೂತರೂ ಶತ್ರು ನಡೆದು ಬರುತ್ತಲೇ ಇರುತ್ತಾನೆ. ಇದಕ್ಕೇ ರಿಯಲ್ ಟೈಮ್ ಸ್ಟ್ರಾಟಜಿ ಅನ್ನುವುದು. 2007ರಲ್ಲಿ ಬಂದ ಆಟ. ಇಂಟರ್‌ನೆಟ್ ಬೇಕಿಲ್ಲ, ಮಧ್ಯೆ ಜಾಹೀರಾತಿಲ್ಲ, "ಇನ್ನೂ ನೂರು ರೂಪಾಯಿ ಹಾಕು" ಅನ್ನುವುದಿಲ್ಲ. ಕತೆ ಮುಗಿದರೆ ಆಟವೂ ಮುಗಿಯಿತು.

ಭಾವ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಕೇಳಿದ ಪ್ರಶ್ನೆ ಒಂದೇ: "ಇದ್ರಾಗ ದುಡ್ಡು ಎಲ್ಲಿ ಹಾಕ್ತಾರ?"

"ಎಲ್ಲೂ ಇಲ್ಲಪ್ಪ" ಅಂದ ಹುಡುಗ.

ಈ ಪ್ರಶ್ನೆಯನ್ನು ನಾವು ಕೇಳಬೇಕಿತ್ತು, ಕೇಳಿರಲಿಲ್ಲ. ಕಾನೂನು ಬರೆದವರೇ ಕೇಳಿದ್ದಾರೆ. ಆ ಕಾಯ್ದೆ ಆನ್‌ಲೈನ್ ಆಟಗಳನ್ನು ಮೂರು ಭಾಗ ಮಾಡುತ್ತದೆ: ಇ-ಸ್ಪೋರ್ಟ್ಸ್, ಸೋಷಿಯಲ್ ಗೇಮ್, ಮನಿ ಗೇಮ್. ನಿಷೇಧ ಇರುವುದು ಮೂರನೆಯದಕ್ಕೆ ಮಾತ್ರ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ಅಲ್ಲಿಲ್ಲ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆ ಇದ್ದರೆ ಸಾಕು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ಅಂದರೆ ಭಾವನ ಮನೆಗೆ ಪೊಲೀಸರು ಬರುವ ಮಾತೇ ಇರಲಿಲ್ಲ, ಒಳಗೆ ರಮ್ಮಿ ನಡೆಯುತ್ತಿದ್ದರೂ! ಈ ಒಂದು ಸಾಲು ನಮ್ಮ ಸುದ್ದಿಯಲ್ಲಿ ಇದ್ದಿದ್ದರೆ ಒಂದು ಮನೆಯ ರಾತ್ರಿ ಕೆಡುತ್ತಿರಲಿಲ್ಲ.

ಕಾಯ್ದೆ ಸರಿಯೋ ತಪ್ಪೋ ಬೇರೆ ಚರ್ಚೆ. ಕಂಪನಿಗಳು ಕೋರ್ಟಿಗೆ ಹೋಗಿವೆ. ನಮ್ಮ ರಾಜ್ಯವೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥದೇ ನಿಷೇಧ ಹೇರಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ತಕರಾರು ಕಾಯ್ದೆಯ ಮೇಲಲ್ಲ, ನಮ್ಮ ಬರವಣಿಗೆಯ ಮೇಲೆ.

ಯಾಕೆ ಇಷ್ಟು ಬೇಜಾರು ಅಂದರೆ, ಇದು ಮೊದಲ ಸಲ ಅಲ್ಲ. ಅದಕ್ಕೂ ಮುಂಚೆ ಸಿರುಗುಪ್ಪ ಕಡೆಯ ಒಬ್ಬ ರೈತನ ಸುದ್ದಿ ಮಾಡಿದ್ದೆವು. ಊರು, ಹೆಸರು ಬೇಡ. ಕಾಲುವೆ ನೀರಿನ ಗದ್ದೆ, ಭತ್ತ ಮಾರಿದ ದುಡ್ಡು ಅಕೌಂಟಿಗೆ ಬಂದಿತ್ತು. ಮಿಲ್ಲಿನ ಮುಂದೆ ಲೋಡು ಇಳಿಸಲು ಕಾಯುತ್ತಾ ಕೂತಾಗ ಫೋನಿನಲ್ಲಿ ರಮ್ಮಿ ಶುರು. ಮೊದಲು ಗೆದ್ದ. ಆಮೇಲೆ ಗೊಬ್ಬರದ ಅಂಗಡಿಗೆ ಕೊಡಬೇಕಾದದ್ದು ಹೋಯಿತು. ಅದನ್ನು ತುಂಬಲು ಫೋನಿನಲ್ಲೇ ಸಿಗುವ ಸಾಲ, ಆ ಸಾಲಕ್ಕೆ ಹೆಂಡತಿಯ ಸರ. ಅವರ ಮನೆ ಜಗಲಿಯಲ್ಲಿ ಕೂತು ನಾವು ನೋಟ್‌ಬುಕ್ ತೆಗೆದಾಗ ಹೇಳಿದ ಮಾತು ಈಗಲೂ ನೆನಪಿದೆ: "ಆಟ ಅಂತ ಬರೀಬ್ಯಾಡ್ರಿ ಸಾರ್. ಆಟ ನನ್ ಮಗ ಆಡ್ತಾನ. ನಾನು ಹಚ್ಚಿದ್ದು ರೊಕ್ಕ."

ಹೆಡ್‌ಲೈನ್ ಏನು ಬಂತು ಗೊತ್ತೇ? "ಗೇಮ್ ಗೀಳಿಗೆ ಬೀದಿಗೆ ಬಂದ ಕುಟುಂಬ." ಫೋಟೊದಲ್ಲಿ ಟೀವಿ ಮುಂದೆ ವಿಡಿಯೋ ಗೇಮ್ ಆಡುವ ಯಾವುದೋ ದೇಶದ ಹುಡುಗ. ಆ ರೈತ ಮತ್ತೆ ನಮಗೆ ಫೋನ್ ಮಾಡಲಿಲ್ಲ, ನಮಗೂ ಮಾಡುವ ಮುಖ ಇರಲಿಲ್ಲ. ಊರಲ್ಲಿ ಜನ ಅವನನ್ನು "ಈ ವಯಸ್ಸಿನಾಗ ಗೇಮ್ ಆಡಾಕ ಹೋಗಿದ್ನಂತ" ಅಂತ ಆಡಿಕೊಂಡರಂತೆ. ದುಡ್ಡು ಕಿತ್ತುಕೊಂಡ ಆ್ಯಪ್ ಬಗ್ಗೆ, ಒಂದೇ ರಾತ್ರಿಯಲ್ಲಿ ಸಾಲ ಕೊಟ್ಟು ಬೈಗುಳ ಶುರು ಮಾಡಿದ ಇನ್ನೊಂದು ಆ್ಯಪ್ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಸುದ್ದಿಯಲ್ಲಿ ಅಪರಾಧಿಯ ಹೆಸರು "ಗೇಮ್" ಅಂತ ಇದ್ದ ಮೇಲೆ ಇನ್ನು ಯಾರನ್ನು ಹುಡುಕುತ್ತಾರೆ?

ಎರಡೂ ಸುದ್ದಿ ಪಕ್ಕಪಕ್ಕ ಇಟ್ಟು ನೋಡಿ. ಸಿರುಗುಪ್ಪದಲ್ಲಿ ಮೋಸ ಹೋದ ದೊಡ್ಡವನನ್ನು ಹುಡುಗಾಟದವನು ಅಂದೆವು. ಕುರುಗೋಡಿನಲ್ಲಿ ಆಡುವ ಹುಡುಗನನ್ನು ಜೂಜುಕೋರ ಮಾಡಿದೆವು.

ತಂತ್ರದ ಆಟ ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ಹಂಪಿಯ ಕಲ್ಲು ಹಾಸಿನ ಮೇಲೆ ಕೊರೆದ ಆಡು-ಹುಲಿ ಆಟದ ಮನೆಗಳನ್ನು ಈಗಲೂ ನೋಡಬಹುದು. ಎರಡು ಕಡೆಯವರಿಗೂ ಒಂದೇ ಬಲ ಇಲ್ಲದ ಆಟ ಅದು: ಹುಲಿ ಕೆಲವೇ, ಆದರೆ ಹಾರಿ ತಿನ್ನುತ್ತವೆ. ಆಡು ಬಹಳ, ಒಗ್ಗಟ್ಟಿನಿಂದ ಕಟ್ಟಿಹಾಕಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಮಣೆ ಆಟಗಳನ್ನು ರೂಪಿಸಿದವರು, ಮಾಮೂಲಿಗಿಂತ ದೊಡ್ಡ ಮಣೆಯ ಚದುರಂಗವೂ ಅದರಲ್ಲಿತ್ತು. ಅರಸರು ಆಡಿದರೆ ಕಲೆ, ಕುರುಗೋಡಿನ ಹುಡುಗ ಆಡಿದರೆ ಚಟ ಅಂದರೆ ಹೇಗೆ?

ನಮ್ಮ ಬಳ್ಳಾರಿ ಕೋಟೆಯನ್ನೇ ತೆಗೆದುಕೊಳ್ಳಿ. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಕೋಟೆ ಕಟ್ಟಿಸಿದ, ಎದುರಿಗಿನ ಕುಂಬಾರ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರ ಇದೆ ಅಂತ ಆಮೇಲೆ ಗೊತ್ತಾಗಿ ಅವನನ್ನು ಗಲ್ಲಿಗೆ ಹಾಕಿಸಿದ ಅಂತ ಊರಲ್ಲಿ ಎಲ್ಲರೂ ಹೇಳುವ ಕತೆ. ಎತ್ತರದ ಜಾಗ ಯಾರ ಕೈಯಲ್ಲಿದೆ ಅನ್ನುವುದು ಯುದ್ಧದಲ್ಲಿ ಎಷ್ಟು ಮುಖ್ಯ ಅನ್ನುವುದೇ ಆ ಕತೆಯ ಜೀವ. ಈ ಕತೆ ಹೇಳಿದಾಗ ಅಕ್ಕನ ಮಗ ತಕ್ಷಣ ಕೇಳಿದ: "ಹಂಗಾದ್ರ ಕುಂಬಾರ ಗುಡ್ಡದ ಮ್ಯಾಲೆ ಮೊದ್ಲೇ ಒಂದು ಪಡೆ ಇಡಬೇಕಿತ್ತು ಅಲ್ಲ ಮಾಮ?" ಇಷ್ಟು ವರ್ಷ ಆ ಗುಡ್ಡದ ಕೆಳಗೆ ಓಡಾಡಿದ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಹಾಗಂತ ಎಲ್ಲಾ ಆಟವೂ ಒಳ್ಳೇದು ಅಂತ ವಕಾಲತ್ತು ಹಾಕುತ್ತಿಲ್ಲ. ಅಕ್ಕನ ದೂರು ಬೇರೆಯೇ ಇತ್ತು: "ಊಟಕ್ಕೆ ಕರದ್ರ ಬರಂಗಿಲ್ಲ." ಅದು ನ್ಯಾಯವಾದ ದೂರು. ಫೋನಿನಲ್ಲಿ ಬರುವ ಕೋಟೆ ಕಟ್ಟುವ ಆಟಗಳು ಈ ಹಳೇ ಡಬ್ಬಿಯ ಹಾಗೆ ಮುಗಿಯುವುದೂ ಇಲ್ಲ. "ಗೋಡೆ ಏಳಲು ಇನ್ನು ಎಂಟು ಗಂಟೆ ಕಾಯಿ, ಇಲ್ಲಾ ದುಡ್ಡು ಕೊಡು" ಅನ್ನುತ್ತವೆ. ಗೆದ್ದರೆ ದುಡ್ಡು ಬರುವುದಿಲ್ಲವಾದ್ದರಿಂದ ಅದು ಜೂಜಲ್ಲ, ಆದರೆ ಅಪ್ಪನ ಯುಪಿಐ ಪಿನ್ ಗೊತ್ತಿರುವ ಹುಡುಗನ ಕೈಯಲ್ಲಿ ಅದೂ ನಷ್ಟವೇ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ಹಿಡಿತ ತಪ್ಪಿ, ಓದು, ಮನೆ, ಕೆಲಸ ಎಲ್ಲಾ ಕೆಡುವ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇದ್ದರೆ ಮಾತ್ರ ಹಾಗೆ ಕರೆಯುತ್ತಾರೆ. ಊಟಕ್ಕೆ ತಡವಾಗಿ ಬರುವುದು ಆ ಲೆಕ್ಕಕ್ಕೆ ಸೇರುವುದಿಲ್ಲ. ನಿಜವಾಗಿ ಕಷ್ಟದಲ್ಲಿರುವ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ನಮ್ಮ "ಗೀಳು" ಸುದ್ದಿಗಳ ಕೊನೆಗೆ ಈ ಒಂದು ಸಾಲು ಸೇರಿಸಿದ ನೆನಪು ನಮಗಿಲ್ಲ. ಹೆದರಿಸಿ ಬಿಡುತ್ತೇವೆ, ದಾರಿ ಹೇಳುವುದಿಲ್ಲ.

ಇಲ್ಲಿ ಬರೆಯುವವರೂ ಓದುವವರೂ ಹೆಚ್ಚಾಗಿ ನಮ್ಮಂಥವರೇ, ತಾಲ್ಲೂಕಿನಲ್ಲಿ ಕೂತು ಸುದ್ದಿ ಕಳಿಸುವವರು. ಅದಕ್ಕೇ ಕೇಳುತ್ತಿದ್ದೇವೆ, ಮುಂದಿನ ಸಲ "ಗೇಮ್" ಅಂತ ಬರೆಯುವ ಮುಂಚೆ ಭಾವನ ಪ್ರಶ್ನೆ ಕೇಳಿಕೊಳ್ಳೋಣ: ದುಡ್ಡು ಎಲ್ಲಿ ಹಾಕುತ್ತಾರೆ? ಹಾಕುತ್ತಾರಾದರೆ "ಆಟ" ಅನ್ನದೆ "ಹಣದ ಪಣ" ಅನ್ನೋಣ, ಯಾವ ಆ್ಯಪ್, ಎಷ್ಟು ಹೋಯಿತು, ಸಾಲ ಕೊಟ್ಟವರು ಯಾರು ಅಂತ ವಿಚಾರಿಸೋಣ. ಹಾಕುವುದಿಲ್ಲವಾದರೆ ಆಟದ ಹೆಸರು ಬರೆದು, ಅದನ್ನು ಹೇಗೆ ಆಡುತ್ತಾರೆ ಅಂತ ಆ ಹುಡುಗನನ್ನೇ ಕೇಳೋಣ. ಫೋಟೊಗೆ ಯಾವುದೋ ಮಗುವಿನ ಮುಖ ಹಾಕಬೇಡಿ ಅಂತ ಡೆಸ್ಕಿಗೆ ಮೆಸೇಜ್ ಹಾಕೋಣ. ಕಾಲಂ ಲೆಕ್ಕದಲ್ಲಿ ಸಂಭಾವನೆ ಪಡೆಯುವ ನಮ್ಮ ಮಾತು ಡೆಸ್ಕಿನಲ್ಲಿ ನಡೆಯುತ್ತದೆ ಅಂತ ಭ್ರಮೆ ಇಲ್ಲ. ಆದರೂ ಕಾಪಿಯ ಮೊದಲ ಸಾಲು ನಮ್ಮ ಕೈಯಲ್ಲೇ ಇರುತ್ತದೆ.

ನಮ್ಮ ಸುದ್ದಿಗೆ ತಿದ್ದುಪಡಿ ಹಾಕಿಸಲು ಎರಡು ಸಲ ಕೇಳಿದೆವು. "ಹಳೇ ಸುದ್ದಿ ಬಿಡಪ್ಪ" ಅಂದರು. ಹಾಗಾಗಿ ಇದನ್ನೇ ತಿದ್ದುಪಡಿ ಅಂತ ತಿಳಿಯಿರಿ.

ಡಬ್ಬಿ ಈಗ ಹುಡುಗನ ಹತ್ತಿರವೇ ಇದೆ. ದಿನಕ್ಕೆ ಒಂದು ತಾಸು, ಅದೂ ಊಟ ಆದ ಮೇಲೆ ಅಂತ ಅಕ್ಕನ ಷರತ್ತು. ಹೋದ ವಾರ ಭಾವ ಮತ್ತೆ ಫೋನ್ ಮಾಡಿದ್ದರು. ಆರನೇ ಮಟ್ಟದಲ್ಲಿ ಹಾರುವವು ಬಹಳ ಬರುತ್ತವಂತೆ, ದೂರದಿಂದ ಹೊಡೆಯುವವರನ್ನು ಹೆಚ್ಚು ಕಳಿಸಬೇಕಂತೆ. ಮಗ ಹೇಳಿದ್ದೋ ಅಂತ ಕೇಳಿದರೆ ಮಾತು ಬದಲಿಸಿದರು.