ಬಡಿದವನಿಗೆ ಕೂಲಿ, ಬಚ್ಚಿಟ್ಟವನಿಗೆ ಕೋಟಿ

೨೦೧೮ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮಾಂಟೆರೆಯಲ್ಲಿ ಒಂದು ಹಳೆಯ ಮೋಟಾರು ಕಾರು ಹರಾಜಿಗೆ ಬಂದಿತು. ೧೯೬೨ರಲ್ಲಿ ಇಟಲಿಯಲ್ಲಿ ತಯಾರಾದ ಫೆರಾರಿ ೨೫೦ ಜಿಟಿಓ ಎಂಬ ಪಂದ್ಯದ ಕಾರು ಅದು. ಕೂಗು ನಿಂತಾಗ ಹರಾಜು ಕಂಪನಿಯ ದಲ್ಲಾಳಿಯೂ ಸೇರಿ ಬೆಲೆ ೪ ಕೋಟಿ ೮೪ ಲಕ್ಷ ಡಾಲರು. ಅಂದಿನ ದರದಲ್ಲಿ ನಮ್ಮ ೩೩೦ ಕೋಟಿ ರೂಪಾಯಿಗೂ ಮೇಲು. ೨೦೨೩ರ ನವೆಂಬರಿನಲ್ಲಿ ಅದೇ ಜಾತಿಯ ಇನ್ನೊಂದು ಕಾರು ನ್ಯೂಯಾರ್ಕಿನಲ್ಲಿ ೫ ಕೋಟಿ ೧೭ ಲಕ್ಷ ಡಾಲರಿಗೆ ಹೋಯಿತು.

ಹಣವಂತರ ಹುಚ್ಚು, ನಮಗೇನು ಎಂದು ನೀವು ಕೇಳಬಹುದು. ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿಯವನಿಗೆ, ಅಂಗಡಿಯ ಕದ ಹಾಕಿ ದಿನದ ಲೆಕ್ಕ ನೋಡುವ ಸಣ್ಣ ವ್ಯಾಪಾರಿಗೆ ಇಟಲಿಯ ಕಾರಿನ ಗೊಡವೆ ಏಕೆ? ಗೊಡವೆ ಇದೆ. ದುಡಿಮೆಯಿಂದ ಹುಟ್ಟಿದ ಬೆಲೆ ಕೊನೆಗೆ ಯಾರ ಜೇಬು ಸೇರುತ್ತದೆ ಎಂಬುದನ್ನು ಇಷ್ಟು ಬತ್ತಲೆಯಾಗಿ ತೋರಿಸುವ ಸರಕು ಬೇರೊಂದು ಸಿಕ್ಕುವುದು ಕಷ್ಟ.

ಮೊದಲು ಲೆಕ್ಕ ನೋಡೋಣ. ಹೊಸದಾಗಿದ್ದಾಗ ಈ ಕಾರಿಗೆ ಅಮೆರಿಕದಲ್ಲಿ ಸುಮಾರು ೧೮,೦೦೦ ಡಾಲರು. ೨೦೧೮ರಲ್ಲಿ ಅದರ ಎರಡು ಸಾವಿರದ ಆರುನೂರು ಪಟ್ಟಿಗೂ ಹೆಚ್ಚು. ಬೆಲೆಗಳೆಲ್ಲ ಏರಿವೆಯಲ್ಲ ಎನ್ನುವಿರಾ? ಅದೇ ಅವಧಿಯಲ್ಲಿ ಅಮೆರಿಕದ ಸಾಮಾನ್ಯ ಬೆಲೆಗಳು ಏರಿದ್ದು ಎಂಟು ಪಟ್ಟು ಚಿಲ್ಲರೆ. ಮೇಷ್ಟರ ಕೆಲಸ ಬಿಟ್ಟರೂ ಲೆಕ್ಕದ ಚಟ ಬಿಟ್ಟಿಲ್ಲ, ಇನ್ನೊಂದು ಹಾಕುತ್ತೇನೆ. ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ದುಡಿಯುವವನು, ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟರೆ, ಆ ಒಂದು ಕಾರು ಕೊಳ್ಳಲು ಹದಿನೆಂಟು ಸಾವಿರ ವರ್ಷ ಬೇಕು.

ಈ ನಡುವೆ ಆ ಕಾರು ಏನು ಮಾಡಿತು? ಕೆಲವು ವರ್ಷ ಪಂದ್ಯಗಳಲ್ಲಿ ಓಡಿತು. ಆಮೇಲೆ ಒಬ್ಬ ಶ್ರೀಮಂತನ ಮನೆಯಿಂದ ಇನ್ನೊಬ್ಬನ ಮನೆಗೆ ಹೋಯಿತು. ಹಸುವಿನಂತೆ ಕರು ಹಾಕಲಿಲ್ಲ, ತೆಂಗಿನಂತೆ ಫಲ ಕೊಡಲಿಲ್ಲ. ಆದರೂ ಬೆಲೆ ಬೆಳೆಯಿತು. ಬೆಳೆಸಿದವರು ಯಾರು?

ಮೊಡೆನಾ ಎಂಬುದು ಉತ್ತರ ಇಟಲಿಯ ಒಂದು ಊರು. ಅದರ ಪಕ್ಕದ ಮರನೆಲ್ಲೊದಲ್ಲಿ ಫೆರಾರಿ ಕಾರ್ಖಾನೆ. ಹನ್ನೆರಡು ಸಿಲಿಂಡರಿನ, ಮೂರು ಲೀಟರಿನ, ಸುಮಾರು ೩೦೦ ಅಶ್ವಶಕ್ತಿಯ ಎಂಜಿನು ಅಲ್ಲಿಯದು. ಮೈಕಟ್ಟು ಮಾತ್ರ ಮೊಡೆನಾದ ಸ್ಕಾಲ್ಯೆಟ್ಟಿಯ ಶೆಡ್ಡಿನದು. ಸೆರ್ಜಿಯೊ ಸ್ಕಾಲ್ಯೆಟ್ಟಿ ಹುಡುಗನಾಗಿದ್ದಾಗಲೇ ಕೆಲಸಕ್ಕೆ ನಿಂತವನು. ನಕ್ಷೆಗಿಂತ ಕಣ್ಣಳತೆಯನ್ನು ನಂಬಿದವನು. ಮರಳು ಚೀಲದ ಮೇಲೆ ಅಲ್ಯೂಮಿನಿಯಂ ತಗಡಿಟ್ಟು, ಸುತ್ತಿಗೆಯಿಂದ ಬಡಿದು ಬಡಿದು ಆಕಾರ ತರುವುದು ಅಲ್ಲಿಯ ಕ್ರಮ. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎನ್ನುವ ಕೆಲಸವೇ ಅದು, ತಗಡಷ್ಟೇ ಬೇರೆ. ಕೈಯಲ್ಲಿ ಬಡಿದದ್ದರಿಂದ ಒಂದರ ಅಳತೆ ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಇಂದು ಕೋಟಿ ಕೊಡುವವರು ಮೆಚ್ಚುವುದು ಅದನ್ನೇ. ಆದರೆ ಮೆಚ್ಚುಗೆ ತಗಡಿಗೆ, ಹಣ ಒಡೆಯನಿಗೆ. ಬಡಿದ ಕೈಗಳಿಗೆ ಅಂದಿನ ಕೂಲಿ ಅಂದಿಗೇ ಮುಗಿಯಿತು. ಸ್ಕಾಲ್ಯೆಟ್ಟಿಯ ಹೆಸರಾದರೂ ಉಳಿಯಿತು. ಅವನ ಜೊತೆ ಸುತ್ತಿಗೆ ಹಿಡಿದವರನ್ನು ಹರಾಜಿನ ಕಟ್ಟೆಯ ಮೇಲೆ ಕರೆಯುವವರಿಲ್ಲ. ಕಾರಿನ ರಚನೆಗೆ ಮೊದಲು ಕೈಹಚ್ಚಿದ ಎಂಜಿನಿಯರ್ ಜಿಯೊಟ್ಟೊ ಬಿಜಾರಿನಿಯೇ ೧೯೬೧ರ ಕೊನೆಗೆ, ಕಾರು ಲೋಕದ ಕಣ್ಣಿಗೆ ಬೀಳುವ ಮೊದಲೇ, ಇತರ ಹಿರಿಯರೊಡನೆ ಕಂಪನಿಯಿಂದ ಹೊರಬಿದ್ದಿದ್ದ.

ಆ ಊರಿನ ಇನ್ನೊಂದು ಸಂಗತಿಯನ್ನು ಮರೆಯಬಾರದು. ೧೯೫೦ರ ಜನವರಿ ೯ರಂದು, ಮೊಡೆನಾದ ಎರಕದ ಕಾರ್ಖಾನೆಯೊಂದರ ಬೀಗಮುದ್ರೆಯನ್ನು ವಿರೋಧಿಸಿ ನೆರೆದ ಕಾರ್ಮಿಕರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಆರು ಜನ ಸತ್ತರು. ಆ ಕಾರ್ಖಾನೆಯ ಮಾಲಿಕ ಅಡಾಲ್ಫೊ ಓರ್ಸಿ ಮಾಸೆರಾಟಿ ಎಂಬ ಪಂದ್ಯದ ಕಾರುಗಳ ಕಂಪನಿಗೂ ಒಡೆಯನಾಗಿದ್ದ. ಸುಂದರವಾದ ಕಾರುಗಳು ಹುಟ್ಟಿದ್ದು ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ.

ಬೆಲೆಯ ಇನ್ನೊಂದು ಗುಟ್ಟು ಅಭಾವ. ಆ ವರ್ಗದ ಪಂದ್ಯಕ್ಕೆ ಬರಬೇಕಾದರೆ ನೂರು ಕಾರು ತಯಾರಿಸಿರಬೇಕೆಂದು ನಿಯಮವಿತ್ತು. ಇದು ಹಳೆಯ ಮಾದರಿಯ ಸುಧಾರಣೆಯಷ್ಟೇ ಎಂದು ಹೇಳಿ ಕಂಪನಿ ೧೯೬೨ರಿಂದ ೧೯೬೪ರೊಳಗೆ ಮೂವತ್ತಾರನ್ನು ಮಾತ್ರ ತಯಾರಿಸಿತು. ಕೊಳ್ಳುವವನಿಗೂ ಎಂಜೊ ಫೆರಾರಿಯ ಒಪ್ಪಿಗೆ ಬೇಕಿತ್ತು. ವ್ಯಾಪಾರಿ ಬಂಧುಗಳಿಗೆ ಇದು ಅರ್ಥವಾದೀತು. ನೀವು ಸಕ್ಕರೆ ಮೂಟೆ ಒಳಗಿಟ್ಟು ಬೆಲೆ ಏರಲೆಂದು ಕಾದರೆ ನಿಮ್ಮ ಹೆಸರು ಕಾಳಸಂತೆಯವನು. ಮೂವತ್ತಾರರಲ್ಲಿ ಒಂದನ್ನು ಒಳಗಿಟ್ಟು ಕಾದವನ ಹೆಸರು ಕಲಾಪ್ರೇಮಿ! ಸಕ್ಕರೆ ಹೊಟ್ಟೆಗೆ ಬೇಕಾದದ್ದು, ಕಾರು ಅಲ್ಲ, ನಿಜ. ಆದರೆ ಕಾದು ಕುಳಿತು ಬಂದ ಲಾಭ ಲಾಭವೇ ತಾನೆ?

ಕಲೆ ಎಂಬುದು ಬರಿಯ ಮಾತಲ್ಲ. ೨೦೧೯ರಲ್ಲಿ ಇಟಲಿಯ ಬೊಲೊನ್ಯಾ ನ್ಯಾಯಾಲಯ ಈ ಕಾರಿನ ರೂಪವನ್ನು ಕಲಾಕೃತಿಯೆಂದೇ ಎಣಿಸಿ ರಕ್ಷಣೆ ಕೊಟ್ಟಿತು. ಬೇರೆಯವರು ಅದರ ನಕಲು ಮಾಡುವಂತಿಲ್ಲ. ತೀರ್ಪಿನ ಪ್ರಯೋಜನ ಕಂಪನಿಗೆ. ಕಾರು ಕಲಾಕೃತಿಯಾದರೆ ಅದನ್ನು ಬಡಿದವನು ಕಲಾವಿದನಲ್ಲವೆ? ಚಿತ್ರಕಾರನ ಚಿತ್ರ ಮರುಮಾರಾಟವಾದರೆ ಅವನಿಗೆ ಪಾಲು ಕೊಡಬೇಕೆಂದು ಫ್ರಾನ್ಸ್ ೧೯೨೦ರಲ್ಲೇ ಕಾನೂನು ಮಾಡಿತು. ೨೦೦೧ರಲ್ಲಿ ಯೂರೋಪ್ ಒಕ್ಕೂಟ ಅದನ್ನು ತನ್ನ ದೇಶಗಳಿಗೆಲ್ಲ ಹಬ್ಬಿಸಿತು. ಒಂದು ಮಾರಾಟಕ್ಕೆ ಪಾಲಿನ ಮಿತಿ ೧೨,೫೦೦ ಯೂರೋ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯಲ್ಲೂ ೧೯೯೪ರಲ್ಲಿ ಸೇರಿಸಿದ ೫೩ಎ ಕಲಮಿನಂತೆ, ಮೂಲ ಚಿತ್ರವೋ ಶಿಲ್ಪವೋ ಹಸ್ತಪ್ರತಿಯೋ ಹತ್ತು ಸಾವಿರ ರೂಪಾಯಿ ಮೀರಿ ಮರುಮಾರಾಟವಾದರೆ ಕರ್ತೃವಿಗೆ ಶೇಕಡ ಹತ್ತಕ್ಕೆ ಮೀರದ ಪಾಲುಂಟು. ಕುಂಚ ಹಿಡಿದವನಿಗೆ ಒಪ್ಪಿದ ಈ ನ್ಯಾಯ ಸುತ್ತಿಗೆ ಹಿಡಿದವನ ಬಾಗಿಲಿಗೆ ಬರಲಿಲ್ಲ.

ತೆರಿಗೆಯ ಕಥೆ ಕೇಳಿ. ಬ್ರಿಟನ್ನಿನಲ್ಲಿ ಖಾಸಗಿ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ. ಕಾರು ಸವೆದು ಬೆಲೆ ಕಳೆದುಕೊಳ್ಳುವ ವಸ್ತುವೆಂಬ ಭಾವನೆ. ಬಡವನ ಕಾರಿಗೆ ಅದು ಸರಿಯಾದ ಮಾತು. ಕೋಟಿಗಟ್ಟಲೆ ಏರಿದ ಕಾರಿಗೂ ಅದೇ ಮಾತನ್ನು ಹೊಂದಿಸಿದರೆ, ಕೂಲಿಯವನ ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳುವ ಸರ್ಕಾರ ಕಾದು ಕುಳಿತವನಿಗೆ ಕೈಮುಗಿದು ದಾರಿ ಬಿಟ್ಟಂತೆ.

ಶ್ರೀಮಂತರು ಇಟ್ಟುಕೊಂಡದ್ದರಿಂದಲೇ ಆ ಕಾರುಗಳು ಗುಜರಿಗೆ ಹೋಗದೆ ಉಳಿದವು ಎಂದು ಕೆಲವರು ಹೇಳುತ್ತಾರೆ. ಮಾತಿನಲ್ಲಿ ಸತ್ಯವಿದೆ. ಕಾರಿನ ಮೇಲೆ ನಮಗೆ ದ್ವೇಷವೂ ಇಲ್ಲ. ಒಳ್ಳೆಯ ಕೈಕೆಲಸವನ್ನು ಕಂಡು ಸಂತೋಷಪಡುವುದು ದುಡಿಯುವವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಪಾಡಿದವನಿಗೆ ಕಾಪಾಡಿದ ಖರ್ಚೂ ಮೇಲೊಂದು ನ್ಯಾಯವಾದ ಲಾಭವೂ ಸಲ್ಲಲಿ. ಮಿಕ್ಕದ್ದರಲ್ಲಿ ಸಮಾಜಕ್ಕೂ ಕುಶಲಕರ್ಮಿಗೂ ಪಾಲಿದೆ ಎಂಬುದೇ ನಮ್ಮ ವಾದ.

ಆದುದರಿಂದ ಕೇಳಬೇಕಾದವು ಎರಡು. ಇಂಥ ಮಾರಾಟದ ಲಾಭಕ್ಕೆ ಯಾವ ದೇಶದಲ್ಲೇ ಆಗಲಿ ದುಡಿಮೆಯ ಆದಾಯಕ್ಕಿಂತ ಕಡಿಮೆ ತೆರಿಗೆ ಇರಕೂಡದು. ಮರುಮಾರಾಟದ ಪಾಲು ಕೈಕಸಬಿಗೂ ಅನ್ವಯಿಸಬೇಕು. ಬಡಿದವನು ಬದುಕಿಲ್ಲದಿದ್ದರೆ ಆ ಹಣ ಅದೇ ಕಸಬು ಕಲಿಯುವ ಹುಡುಗರ ನಿಧಿಗೆ ಹೋಗಬೇಕು.

ಇದು ದೂರದ ಮಾತೆನಿಸಿದರೆ ಹತ್ತಿರದಿಂದಲೇ ಪ್ರಾರಂಭಿಸಿ. ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ತಗಡು ಬಡಿಯುತ್ತಿರುವ ಹುಡುಗನನ್ನು ಅವನ ದಿನಗೂಲಿ ಎಷ್ಟೆಂದು ಕೇಳಿ. ಅವನ ಉತ್ತರವನ್ನು ಮುಂದಿನ ಯೂನಿಯನ್ ಸಭೆಗೆ ತನ್ನಿ.